ಸೆಟ್ಟಾಗತ್ತೆ ಸಾರ್

ಇವತ್ತು ಬೆಳಗ್ಗೆ ಎಂಟೂಕಾಲಿಗೆ ನನ್ನ ಹಳೆ ಪಿಕಪ್ಪು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಪ್ಪೆ ಹಾಗೆ ಕುಪ್ಪಳಿಸಿತು. ಮೂರು ಸಲ. ನಾಲ್ಕನೆಯದಕ್ಕೆ ಹೋಗಿ ಅಡ್ಡಡ್ಡ ನಿಂತುಬಿಟ್ಟಿತು. ಮುಂದೆ ಕಂಬ. ಹಿಂದೆ 304ರ ಮೇಡಂ ಕಾರು, ಅದರಲ್ಲಿ ಸ್ಕೂಲ್ ಬಸ್ ತಪ್ಪಿಸಿಕೊಂಡ ಮಗ. ಅದರ ಹಿಂದೆ ಇನ್ನೂ ನಾಲ್ಕು ಕಾರು. ಔಟರ್ ರಿಂಗ್ ರೋಡ್ ಕಡೆ ಹೋಗುವವರಿಗೆ ಬೆಳಗ್ಗೆ ಐದು ನಿಮಿಷ ತಡ ಅಂದ್ರೆ ನಲವತ್ತು ನಿಮಿಷ ತಡ. ಹಾರನ್ನಿನ ದನಿಯಲ್ಲೇ ಅದು ಗೊತ್ತಾಗುತ್ತಿತ್ತು.

ತಪ್ಪು ನಂದೇ, ಒಪ್ಪಿಕೊಳ್ಳುತ್ತೇನೆ. ನಿನ್ನೆ ರಾತ್ರಿ ಮಳೆಗೆ ನಮ್ಮ ರಸ್ತೆಯಲ್ಲಿ ನೀರು ನಿಂತಿತ್ತು. ಇಂಥ ದಿನಕ್ಕೆ ಅಂತಲೇ ಅಲ್ವಾ ಗಾಡಿ ರೆಡಿ ಮಾಡಿಸಿದ್ದು? ಕೆಳಗಿಳಿದು, ಪ್ಯಾಂಟು ಮಡಚಿ, ಮುಂದಿನ ಎರಡೂ ಹಬ್ (ಚಕ್ರವನ್ನು ಆಕ್ಸಲ್ಲಿಗೆ ಜೋಡಿಸೋ, ಬಿಡಿಸೋ ಕೊಂಡಿ) ಲಾಕ್ ಮಾಡಿ, ಲಿವರನ್ನು ನಾಲ್ಕೂ ಚಕ್ರ ಎಳೆಯುವ ಫೋರ್ ಹೈಗೆ ಹಾಕಿ, ಗಂಭೀರವಾಗಿ ದಾಟಿದೆ. ನೀರು ಪಾದ ಮುಳುಗುವಷ್ಟಿತ್ತು. ಪಕ್ಕದಲ್ಲೇ ಒಂದು ಆಟೋ ಹಾಡು ಹಾಕಿಕೊಂಡು ಆರಾಮಾಗಿ ದಾಟಿತು. ಆ ಖುಷಿಯಲ್ಲೋ ಬೇಜಾರಿನಲ್ಲೋ, ಲಿವರ್ ವಾಪಸ್ ಟೂ ಹೈಗೆ, ಅಂದ್ರೆ ಹಿಂದಿನ ಎರಡೇ ಚಕ್ರ ಎಳೆಯೋದಕ್ಕೆ, ತರೋದು ಮರೆತೆ. ರಾತ್ರಿ ನೆಲ, ಟೈರು ಎರಡೂ ಒದ್ದೆ, ಜಾರಿಕೊಂಡು ಒಳಗೆ ಬಂತು. ಬೆಳಗ್ಗೆ ಎಲ್ಲ ಒಣಗಿತ್ತು.

ಮದುವೆಯಲ್ಲಿ ಗಂಡಿನ ಶಲ್ಯಕ್ಕೂ ಹೆಣ್ಣಿನ ಸೆರಗಿಗೂ ಗಂಟು ಹಾಕಿ ಹೋಮದ ಸುತ್ತ ಕಳಿಸ್ತಾರಲ್ಲ, ಈ ಫೋರ್ ಹೈ ಅದೇ ಲೆಕ್ಕ. ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಸುತ್ತುತ್ತವೆ, ಹಿಂದಿನವು ಕಮ್ಮಿ. ಆದರೆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡೋ ಡಿಫರೆನ್ಷಿಯಲ್ ನಡುವೆ ಇಲ್ಲ, ಎರಡಕ್ಕೂ ಗಂಟು. ಕೆಸರಾದರೆ ಯಾವುದೋ ಒಂದು ಟೈರು ಜಾರಿ ರಾಜಿ ಆಗುತ್ತದೆ. ಒಣ ಕಾಂಕ್ರೀಟಿನ ಮೇಲೆ ಯಾರೂ ಸೋಲಲ್ಲ. ಒಳಗಿನ ಶಾಫ್ಟು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತೆ, ಲಿವರು ಜಪ್ಪಯ್ಯ ಅಂದರೂ ಬರಲ್ಲ. ಇಳಿದು ಹಬ್ ತಿರುಗಿಸೋಣ ಅಂದ್ರೆ ಅದೂ ಬಿಗಿದುಕೊಂಡಿತ್ತು.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ "ಸೆಟ್ಟಾಗತ್ತೆ ಸಾರ್" ಅಂದ.

ಈ ಮನುಷ್ಯನ ಬಗ್ಗೆ ಸ್ವಲ್ಪ ಹೇಳಲೇಬೇಕು. ಹೋದ ತಿಂಗಳು ಜೆ.ಸಿ. ರೋಡಿನಲ್ಲೆಲ್ಲ ಅಲೆದು ಸೆಕೆಂಡ್‌ಹ್ಯಾಂಡ್ ಹಬ್ ಜೋಡಿ ತಂದು ಹಾಕಿದವನು ಇವನೇ. ಐಡಿಯಾ ಚೆನ್ನಾಗಿಯೇ ಇತ್ತು. ರೋಡಿನಲ್ಲಿ ಹಬ್ ಫ್ರೀ ಮಾಡಿದರೆ ಮುಂದಿನ ಆಕ್ಸಲ್ಲು ಸುಮ್ನೆ ತಿರುಗಿ ಸವೆಯುವುದಿಲ್ಲ, ಕಾಡುದಾರಿಯಲ್ಲಿ ಲಾಕ್ ಮಾಡಿದರೆ ನಾಲ್ಕೂ ಚಕ್ರ ಎಳೆಯುತ್ತವೆ. ಹಾಕಿದ ಮೇಲೆ ಎಡಗಡೆ ಕಟಕಟ ಅಂತ ಸದ್ದು. "ಹೊಸದಲ್ವಾ ಸಾರ್, ಸೆಟ್ಟಾಗತ್ತೆ." ಹೊಸದು ಅವನಿಗೆ, ಹಬ್ಬಿಗೆ ನನ್ನಷ್ಟೇ ವಯಸ್ಸು. ಗ್ರೀಸು ಸೋರುತ್ತಿದೆಯಲ್ಲಪ್ಪಾ ಅಂದೆ. "ಜಾಸ್ತಿ ಇದ್ದದ್ದು ಹೋಗಿ ಸೆಟ್ಟಾಗತ್ತೆ." ಒಂದು ಬೋಲ್ಟು ಮಿಕ್ಕಿತ್ತು. ಅದನ್ನು ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಪ್ರಸಾದ ಕೊಟ್ಟ ಹಾಗೆ ನನ್ನ ಅಂಗೈಯಲ್ಲಿಟ್ಟ. "ಇಟ್ಕೊಂಡಿರಿ ಸಾರ್." ಬಿಲ್ಲಿನಲ್ಲಿ ಐನೂರು ಬಿಡು ಅಂದೆ ನೋಡಿ, ಅದೊಂದು ಮಾತ್ರ ಸೆಟ್ಟಾಗಲಿಲ್ಲ.

ಹಬ್ಬಿನ ಡಯಲ್ಲಿನ ಮೇಲೆ ಲಾಕ್, ಫ್ರೀ ಅನ್ನುವ ಅಕ್ಷರ ಸವೆದುಹೋಗಿದ್ದವು. ಹೆಂಡತಿಯ ಕೆಂಪು ನೇಲ್ ಪಾಲಿಶ್ ಇಸ್ಕೊಂಡು ಲಾಕ್ ಇರುವಲ್ಲಿ ಒಂದು ಚುಕ್ಕೆ ಇಟ್ಟೆ. ಬಲಗಡೆಯ ಚುಕ್ಕೆ ಫ್ರೀ ಮೇಲೆ ಬಿತ್ತು. ಇದು ಗೊತ್ತಾಗಿದ್ದು ಸಕಲೇಶಪುರದ ಹತ್ತಿರ.

ಅಲ್ಲಿ ನಮ್ಮ ಸೋದರಮಾವನ ಮನೆ. ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಮಾವ ಜೀಪಿನ ಟೈರಿಗೆ ಕಬ್ಬಿಣದ ಚೈನು ಸುತ್ತುತ್ತಿದ್ದರು. ಲಾಟೀನು ಹಿಡಿದು ನಿಲ್ಲೋದು ನನ್ನ ಡ್ಯೂಟಿ. ಜೀಪು ಗುಡ್ಡ ಹತ್ತುವಾಗ ಆ ಚೈನಿನ ಸದ್ದು, ಕಂಬಳಿಯ ವಾಸನೆ, ಹಿಂದಿನ ಸೀಟಿನಲ್ಲಿ ಅಕ್ಕಿಮೂಟೆಗಳ ನಡುವೆ ನಾವು ಐದು ಮಕ್ಕಳು. ಈ ಪಿಕಪ್ಪು ಕೊಂಡದ್ದೇ ಅದಕ್ಕಿರಬೇಕು. ಬೆಂಗಳೂರಿಂದ ಸುಮಾರು 220 ಕಿಲೋಮೀಟರ್ ಓಡಿಸಿಕೊಂಡು ಹೋದರೆ ಮಾವನ ಅಂಗಳದವರೆಗೂ ಕಾಂಕ್ರೀಟ್ ರಸ್ತೆ ಆಗಿತ್ತು. ಮಾವ ಜೀಪು ಮಾರಿ ವರ್ಷಗಳಾಗಿದ್ದವು. ಚೈನು ಮಾತ್ರ ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿತ್ತು, ತುಕ್ಕು ಹಿಡಿದು.

ಬಿಡದೆ ಕೆಸರು ಹುಡುಕಿಕೊಂಡು ಹೋದೆ. 32 ಇದ್ದ ಟೈರಿನ ಗಾಳಿಯನ್ನು 20ಕ್ಕೆ ಇಳಿಸಿ, ಎರಡೂ ಕಡೆ ಕೆಂಪು ಚುಕ್ಕೆಗೆ ತಿರುಗಿಸಿ ನುಗ್ಗಿದೆ. ಒಂದು ಹಬ್ ಫ್ರೀ ಇದ್ದರೆ ಬಲವೆಲ್ಲ ಆ ಕಡೆಗೆ ಪೋಲಾಗಿ, ಮುಂದಿನ ಎರಡೂ ಚಕ್ರ ಎಳೆಯಲ್ಲ. ಗಾಡಿ ಹೂತುಕೊಂಡಿತು. ಟ್ರಾಕ್ಟರಿನಲ್ಲಿ ಎಳೆದು ತೆಗೆದ ಹುಡುಗ ಕೇಳಿದ, "ಇದು ಫೋರ್ ವೀಲ್ ಅಲ್ವಾ ಅಣ್ಣ?"

ಹೀಗೆ, ಎಳೆಯಬೇಕಾದಲ್ಲಿ ಎಳೆಯದ ಗಾಡಿ ಬೇಸ್‌ಮೆಂಟಿನಲ್ಲಿ ನಾಲ್ಕೂ ಕಾಲಲ್ಲಿ ಎಳೆಯುತ್ತಿತ್ತು. "ಸ್ಟೇರಿಂಗ್ ಸೀದಾ ಮಾಡಿ ರಿವರ್ಸ್ ಬನ್ನಿ ಸಾರ್" ಅಂದ ಮೆಕ್ಯಾನಿಕ್. ನಾನು ಹಿಂದೆ ಬರಬೇಕಾದರೆ ಹಿಂದಿನ ಐದೂ ಕಾರು ಹಿಂದೆ ಹೋಗಬೇಕು. ಸೆಕ್ಯುರಿಟಿಯವರು ಸೀಟಿ ಊದಿ ಒಂದೊಂದಾಗಿ ಕಳಿಸಿದರು. ಹತ್ತಡಿ ಹಿಂದೆ ಬಂದೆ. ಒಳಗೆಲ್ಲೋ 'ಠಣ್' ಅಂತು, ಲಿವರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. 304ರ ಹುಡುಗ ಕಿಟಕಿಯಿಂದ ಚಪ್ಪಾಳೆ ಹೊಡೆದ. ಅವರಮ್ಮ ಹೊಡೆಯಲಿಲ್ಲ.

ಈಗ ಸಂಜೆ, ಮತ್ತೆ ಮೋಡ ಕಟ್ಟಿದೆ. ಬೇಸ್‌ಮೆಂಟಿನಲ್ಲಿ ಟಾರ್ಚ್ ಹಿಡಿದು ಚುಕ್ಕೆ ಯಾವ ಕಡೆ ಇದೆ ಅಂತ ನೋಡುತ್ತಾ ಕೂತಿದ್ದೇನೆ. ವಾಟ್ಸಾಪ್ ಗ್ರೂಪಿನಲ್ಲಿ 304ರವರ ಮೆಸೇಜು ಬಂದಿದೆ: "ನಾಳೆ ನೀವು ಎಷ್ಟು ಹೊತ್ತಿಗೆ ಹೊರಡ್ತೀರಿ? ನಾವು ಅದಕ್ಕೆ ಮೊದಲೇ ಹೊರಡ್ತೀವಿ."