ಬೀರಪ್ಪ ಬಂದ ವರ್ಷ

ಹುಡುಗನ ಹೆಸರು ಬಿಯರ್. ತಮಾಷೆಯಲ್ಲ. ಥಾಯ್ಲೆಂಡಿನಲ್ಲಿ ಎಲ್ಲರಿಗೂ ಕರೆಯುವುದಕ್ಕೊಂದು ಪುಟ್ಟ ಹೆಸರು ಇರುತ್ತದೆ. ಬ್ಯಾಂಕ್, ಐಸ್, ಗಾಲ್ಫ್, ಯಾವುದಾದರೂ ನಡೆಯುತ್ತದೆ. ‘ಮೂ’ ಎಂದರೆ ಹಂದಿ, ಅದೂ ಮುದ್ದಿನ ಹೆಸರೇ. ಪಾಸ್‌ಪೋರ್ಟಿನಲ್ಲಿದ್ದ ಅವನ ಪೂರ್ತಿ ಹೆಸರನ್ನು ನಾನು ಒಮ್ಮೆ ಓದಲು ಹೋಗಿ ನಡುವೆ ನೀರು ಕುಡಿಯಬೇಕಾಯಿತು.

2023ರ ಆಗಸ್ಟ್‌ನಲ್ಲಿ ಅಮೆರಿಕದ ಹೈಸ್ಕೂಲಿನಲ್ಲಿ ಒಂದು ವರ್ಷ ಓದಲು ಬಂದ ಅವನಿಗೆ ಉಳಿದುಕೊಳ್ಳಲು ಸಿಕ್ಕಿದ್ದು ಮಿನ್ನೆಸೋಟಾದ ನಮ್ಮ ಮನೆ. ಪಾಪ, ಅಮೆರಿಕದ ಸಂಸಾರ ಹೇಗಿರುತ್ತದೆಂದು ನೋಡಲು ಬಂದವನಿಗೆ ಬಾಗಿಲು ತೆರೆದದ್ದು ಇಳಕಲ್ ಸೀರೆಯುಟ್ಟ ನಮ್ಮ ಅವ್ವ. ಅವನು ಕೈ ಮುಗಿದು ತಲೆ ಬಾಗಿಸಿದ. ಹೇಳದೆಯೇ ಬೂಟು ಹೊರಗೆ ಬಿಟ್ಟ. ನಲವತ್ತು ವರ್ಷ ಬಡಿದುಕೊಂಡರೂ ನನಗೆ ಬಾರದ ಬುದ್ಧಿ ಈ ಹುಡುಗನಿಗೆ ಬಂದಿದೆ ಎಂದು ಅವ್ವ ನನ್ನೆದುರೇ ಹೇಳಿದಳು.

ಎಡವಟ್ಟಾದದ್ದು ಫೋನಿನಲ್ಲಿ. “ಈಗೀಗ ರಾತ್ರಿ ಬಿಯರ್ ಬಂದ ಮೇಲೆಯೇ ನಮ್ಮ ಊಟ” ಎಂದು ಅವ್ವ ರಾಣೆಬೆನ್ನೂರಿನ ತನ್ನ ತಂಗಿಗೆ ಹೇಳಿದಳಂತೆ. “ಒಂದು ದಿನ ಬಿಯರ್ ತಡವಾದರೂ ಜೀವ ಚಡಪಡಿಸುತ್ತದೆ.” ಮರುದಿನ ಸೋದರಮಾವ ನನಗೆ ಫೋನ್ ಮಾಡಿ, ಮುದುಕಿಗೆ ಯಾವ ಚಟ ಹತ್ತಿಸಿದ್ದೀಯ ಎಂದು ಅರ್ಧ ಗಂಟೆ ಜಾಡಿಸಿದರು. ಅಂದಿನಿಂದ ಹುಡುಗ ಬೀರಪ್ಪನಾದ. ಕರೆದರೆ ಓಗೊಡುತ್ತಿದ್ದ.

ಶಾಲೆಯ ಕಥೆಗಳನ್ನು ಅವನು ರೊಟ್ಟಿಗೆ ರಂಜಕ ಸವರಿಕೊಳ್ಳುತ್ತ ಹೇಳುತ್ತಿದ್ದ. (ಅವ್ವನ ರಂಜಕವನ್ನು ಕಣ್ಣಲ್ಲಿ ನೀರು ತರಿಸಿಕೊಳ್ಳದೆ ತಿಂದವನು ಮಿನ್ನೆಸೋಟಾದಲ್ಲಿ ಅವನೊಬ್ಬನೇ.) ಅವರ ಊರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಧ್ವಜದ ಮುಂದೆ ಸಾಲಾಗಿ ನಿಲ್ಲಬೇಕು, ಸಮವಸ್ತ್ರ ಕಡ್ಡಾಯ, ಗುರುಗಳ ಮುಂದೆ ಹಾಯುವಾಗ ಬೆನ್ನು ಬಗ್ಗಿಸಬೇಕು. ಇಲ್ಲಿ ಮೇಷ್ಟ್ರು ಮೇಜಿನ ಮೇಲೆಯೇ ಕುಳಿತು ಕಾಲು ಆಡಿಸುತ್ತ ಪಾಠ ಮಾಡುತ್ತಿದ್ದರು. ಮೊದಲ ದಿನ ಇವನು ಅವರ ಮುಂದೆ ಬಗ್ಗಿಕೊಂಡೇ ಹಾದ. ಏನೋ ಬಿದ್ದುಹೋಗಿದೆ ಎಂದುಕೊಂಡು ಅವರೂ ಇಳಿದು ಬಗ್ಗಿದರು. ಗುರುಗಳು ತನಗಿಂತ ಕೆಳಗಾದರಲ್ಲ ಎಂದು ಇವನು ಇನ್ನಷ್ಟು ಬಗ್ಗಿದ. ಕೊನೆಗೆ ಅರ್ಧ ತರಗತಿ ನೆಲದ ಮೇಲೆ ಕುಳಿತು ಕಳೆಯದ ವಸ್ತುವನ್ನು ಹುಡುಕಿತು. ಯಾರಿಗೋ ಒಂದು ಪೆನ್ನು ಸಿಕ್ಕಿತು. ಅದು ಅವನದಲ್ಲವೆಂದು ಹೇಳಲು ಸಂಕೋಚವಾಗಿ ತೆಗೆದುಕೊಂಡ.

ಒಂದು ಅರ್ಜಿಯಲ್ಲಿ ಹುಟ್ಟಿದ ವರ್ಷ 2550 ಎಂದು ಬರೆದ. ಅವರದು ಬುದ್ಧ ಶಕೆ, 543 ಕಳೆದರೆ ನಮ್ಮ 2007. ಕೌಂಟರಿನಾಕೆ ಕಾಗದವನ್ನೂ ಅವನನ್ನೂ ಎರಡೆರಡು ಸಲ ನೋಡಿ, ಇನ್ನೂ ಹುಟ್ಟದವರಿಗೆ ಲಸಿಕೆ ಹಾಕುವುದಿಲ್ಲ ಎಂದಳು.

ಜನವರಿಯಲ್ಲಿ ನಾನು ಮನೆ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಅಂಗಾತ ಬಿದ್ದೆ. ಮಲಗಿದಲ್ಲಿಂದಲೇ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಸುದ್ದಿ ಕಳಿಸಿದೆ. ಬೀರಪ್ಪನ ಉತ್ತರ ತಕ್ಷಣ ಬಂತು: 55555. ಅದು ಥಾಯ್ಲೆಂಡಿನ ಆಂಬುಲೆನ್ಸ್ ನಂಬರು, ಗಾಬರಿಯಲ್ಲಿ ಕಳಿಸಿದ್ದಾನೆ ಎಂದು ನನ್ನ ಹೆಂಡತಿ ಕರಗಿಹೋದಳು. ಥಾಯ್ ಭಾಷೆಯಲ್ಲಿ ಐದಕ್ಕೆ ‘ಹಾ’ ಎನ್ನುತ್ತಾರೆಂಬುದು ವಾರದ ನಂತರ ತಿಳಿಯಿತು. ಐದು ಸಲ ನಕ್ಕಿದ್ದ, ಅಷ್ಟೇ.

ಏಪ್ರಿಲ್ 13ಕ್ಕೆ ಅವರ ಹೊಸ ವರ್ಷ, ಸೊಂಗ್‌ಕ್ರಾನ್. ನಮ್ಮ ಸಂಕ್ರಾಂತಿಯೇ, ಆದರೆ ಮಕರದ್ದಲ್ಲ, ಮೇಷದ್ದು. ಅಲ್ಲಿ ಸುಡುಬಿಸಿಲಿಗೆ ಬೀದಿಬೀದಿಯಲ್ಲಿ ನೀರೆರಚುತ್ತಾರೆ. ಮಿನ್ನೆಸೋಟಾದಲ್ಲಿ ಎರಚಿದರೆ ನೆರೆಮನೆಯವರು ಪೊಲೀಸರನ್ನು ಕರೆಸುತ್ತಾರೆ ಎಂದು ನಾನು ತಡೆದೆ. ಹಾಗಾದರೆ ಹಿರಿಯರ ಕೈಗಾದರೂ ನೀರೆರೆಯುತ್ತೇನೆ ಎಂದ. ಬಟ್ಟಲಲ್ಲಿ ನೀರು ತಂದು, ನನ್ನ ಹೆಂಡತಿಯ ಸೆಂಟಿನ ಎರಡು ಹನಿ ಬೆರೆಸಿ, ಅವ್ವನ ಮುಂದೆ ಮಂಡಿಯೂರಿ ಅವಳ ಬೊಗಸೆಗೆ ಸುರಿದ. ಅದು ಬೆರಳ ಸಂದಿಯಿಂದ ಕೆಳಗಿನ ಪಾತ್ರೆಗೆ ಇಳಿದುಹೋಗಬೇಕು, ಪದ್ಧತಿ ಅಷ್ಟೇ.

ಅವ್ವ ಕಣ್ಣು ಮುಚ್ಚಿ ಮೂರು ಸಲ ಗುಟುಕರಿಸಿದಳು. ಉಳಿದದ್ದನ್ನು ತಲೆಗೆ ಸವರಿಕೊಂಡಳು.

ಬೀರಪ್ಪ ಬಟ್ಟಲು ಹಿಡಿದುಕೊಂಡೇ ನನ್ನ ಮುಖ ನೋಡಿದ. ಸುಮ್ಮನಿರು ಎಂದು ಸನ್ನೆ ಮಾಡಿದೆ. “ತೀರ್ಥಕ್ಕೆ ಪಚ್ಚಕರ್ಪೂರ ಸ್ವಲ್ಪ ಹೆಚ್ಚಾಯಿತಪ್ಪ” ಎಂದು ಅವ್ವ ಅವನ ತಲೆ ಸವರಿದಳು. ಅವನು ಗಂಭೀರವಾಗಿ ಕೈ ಮುಗಿದು, ಬೆನ್ನು ಬಗ್ಗಿಸಿಕೊಂಡೇ ಮೆಟ್ಟಿಲು ಹತ್ತಿ ಹೋದ. ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು. ನನ್ನ ಜೇಬಿನಲ್ಲಿ ಮೊಬೈಲು ನಡುಗಿತು. ತೆಗೆದು ನೋಡಿದರೆ, ಎರಡು ಸಾಲು ಪೂರ್ತಿ ಐದುಗಳು.