ಖರ್ಚು ಕಳೆದು ಉಳಿದ ಕರುಣೆ

ಮಳೆ ನಿಂತು ಕೊಯ್ಲು ಮುಗಿದರೆ ಸಾಕು, ನಮ್ಮ ಕರಾವಳಿಯಲ್ಲಿ ಕರುಣೆಯ ಸೀಸನ್ ಶುರು. ಮತ್ತೆ ಮಳೆ ಬರುವ ತನಕ ಒಂದು ಶನಿವಾರವೂ ಖಾಲಿ ಇರುವುದಿಲ್ಲ. ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ, ಅಂಡರ್ ಆರ್ಮ್ ಕ್ರಿಕೆಟ್. ಆಟ ಯಾವುದೇ ಇರಲಿ, ನೆತ್ತಿಯ ಮೇಲೆ ಒಂದು ಸಾಲು ಕಡ್ಡಾಯ: 'ಅಶಕ್ತರ ನೆರವಿಗಾಗಿ'.

ಈ ವಾರ ವಾಟ್ಸಾಪಿನಲ್ಲಿ ಓಡಾಡುತ್ತಿರುವ ಪೋಸ್ಟರ್ ನಿಮಗೂ ಬಂದಿರುತ್ತದೆ. ಹೊನಲು ಬೆಳಕಿನ ಪ್ರೊ ಮಾದರಿಯ ಕಬಡ್ಡಿ ಪಂದ್ಯಾಟ. ಈಗಿನ ಶಾಸಕರು, ಹಿಂದಿನ ಶಾಸಕರು, ಮುಂದೆ ಆಗಲೇಬೇಕೆಂದು ಹಟ ಹಿಡಿದಿರುವವರು, ಎಲ್ಲರೂ ಕೈಮುಗಿದು ನಿಂತಿದ್ದಾರೆ. ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಉಪಾಧ್ಯಕ್ಷರು, ಅಧ್ಯಕ್ಷರಾಗಲು ಆಗದೆ ಸಂಚಾಲಕರಾದವರು. ಕೆಳಗೆ ಎಡಮೂಲೆಯಲ್ಲಿ, ಅಡಿಕೆ ವ್ಯಾಪಾರಿಯ ಜಾಹೀರಾತಿನ ಪಕ್ಕ, ಅಂಚೆಚೀಟಿಯಷ್ಟು ಜಾಗದಲ್ಲಿ ಒಂದು ಮಗುವಿನ ಮುಖ. ಚಿಕಿತ್ಸೆಗೆ ದುಡ್ಡು ಬೇಕಾಗಿರುವುದು ಅದಕ್ಕೇ. ಆದರೆ ಅದು ಯಾವ ಸಮಿತಿಯಲ್ಲೂ ಇಲ್ಲವಲ್ಲ, ಹಾಗಾಗಿ ಫೋಟೊ ಚಿಕ್ಕದು. ಇದೇ ಪೋಸ್ಟರ್ ಊರಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಆಗಿಯೂ ನಿಂತಿದೆ. ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧ ಆಗಿದ್ದು 2016ರಲ್ಲಿ. ಆ ಸುದ್ದಿ ನಮ್ಮ ಸರ್ಕಲ್ಲಿಗೆ ಇನ್ನೂ ತಲುಪಿಲ್ಲ.

ಒಂದು ಲೆಕ್ಕ ಹಾಕೋಣ. ಇದು ನನ್ನ ಊಹೆಯ ಲೆಕ್ಕ, ಯಾವ ಕ್ಲಬ್ಬಿನವರೂ ತಮ್ಮದೆಂದು ಹೆಗಲು ಮುಟ್ಟಿ ನೋಡಿಕೊಳ್ಳಬೇಕಿಲ್ಲ. 32 ತಂಡ, ಪ್ರವೇಶ ಶುಲ್ಕ 3,000 ರೂಪಾಯಿ. ಬಂದದ್ದು 96,000. ಪ್ರಥಮ 50,000, ದ್ವಿತೀಯ 30,000, ಸೆಮಿಯಲ್ಲಿ ಸೋತವರಿಗೆ ತಲಾ 10,000. ಹೋದದ್ದು ಒಂದು ಲಕ್ಷ. ಇನ್ನೂ ಮ್ಯಾಟ್ ಹಾಸಿಲ್ಲ, ಲೈಟ್ ಹೊತ್ತಿಲ್ಲ, ಶಾಮಿಯಾನ ಎದ್ದಿಲ್ಲ, ತೀರ್ಪುಗಾರರು ಬಸ್ಸು ಹತ್ತಿಲ್ಲ, ಆಗಲೇ ನೆರವಿನ ನಿಧಿ 4,000 ಸಾಲದಲ್ಲಿದೆ. ಅಲ್ಲಿಂದ ಮುಂದೆ ಮುಂಬೈಯ ಹೋಟೆಲಿನವರು, ದುಬೈಯಲ್ಲಿ ಬೆವರು ಸುರಿಸುವ ನಮ್ಮ ಹುಡುಗರು. ಪಾಪ, ಅವರು ಮಗುವಿನ ಮುಖ ನೋಡಿ ಕಳಿಸುತ್ತಾರೆ. ಅದು ಜನರೇಟರಿನ ಡೀಸೆಲ್ಲಿಗೆ ಹೋಗುತ್ತದೆ.

ಡೀಸೆಲ್ ಹೋಗಲಿ ಬಿಡಿ. ಈ ಟ್ರೋಫಿಗಳನ್ನು ನೋಡಿದ್ದೀರಾ? ಮೊದಲೆಲ್ಲ ಗೆದ್ದವರಿಗೆ ಬಾಳೆಗೊನೆ, ಬಹಳ ಆಯಿತೆಂದರೆ ಒಂದು ಕುರಿ. ಗೊನೆಯನ್ನು ತಿನ್ನಬಹುದಿತ್ತು. ಈಗ ಆಳೆತ್ತರದ ಟ್ರೋಫಿ. ನಾಲ್ಕು ಮಹಡಿ, ಪ್ರತಿ ಮಹಡಿಗೂ ಕಂಬ, ತುದಿಯಲ್ಲಿ ರೆಕ್ಕೆ ಬಿಚ್ಚಿದ ಒಂದು ಹದ್ದು. ಕಬಡ್ಡಿಗೂ ಹದ್ದಿಗೂ ಏನು ಸಂಬಂಧ ಅಂತ ಕೇಳಬೇಡಿ, ಕ್ಯಾರಂಗೂ ಅದೇ ಹದ್ದು. ಬೆಳಗಿನ ಜಾವ ಬೈಕಿನ ಹಿಂದೆ ಕೂತವನು ಅದನ್ನು ತಬ್ಬಿಕೊಂಡು ಮನೆಗೆ ತರುತ್ತಾನೆ. ಬಾಗಿಲಲ್ಲಿ ಹಿಡಿಸುವುದಿಲ್ಲ. ಹದ್ದನ್ನು ತಿರುಪಿ ತೆಗೆದು ಒಳಗೆ ಒಯ್ಯುತ್ತಾರೆ. ಆಮೇಲೆ ಅದು ಕಪಾಟಿನ ಮೇಲೆ ಮಲಗಿ ಜೇಡ ಸಾಕುತ್ತದೆ. ಅದೂ ಒಂದೇ ಟ್ರೋಫಿಯೇ? ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ, ಶಿಸ್ತಿನ ತಂಡ. ಶಿಸ್ತಿನ ತಂಡ ಅಂದರೆ ಮೊದಲ ಸುತ್ತಿನಲ್ಲೇ ಸೋತು ತೆಪ್ಪಗೆ ಊಟ ಮಾಡಿ ಹೋದವರು.

ಗೆಲ್ಲುವವರೂ ಊರವರಲ್ಲ. 2014ರಲ್ಲಿ ಪ್ರೊ ಕಬಡ್ಡಿ ಟೀವಿಗೆ ಬಂದ ಮೇಲೆ ಊರಿನ ಮಣ್ಣಿನ ಅಂಕಣ ಯಾರಿಗೂ ಬೇಡ, ಊರಿನ ಹುಡುಗರೂ ಬೇಡ. ದುಡ್ಡು ಕೊಟ್ಟು ಹೊರಗಿನಿಂದ ಆಟಗಾರರನ್ನು ತರಿಸುತ್ತಾರೆ. ನಮ್ಮ ಹುಡುಗರು ನೀರಿನ ಬಾಟ್ಲಿ ಹಿಡಿದು ಸಾಲಾಗಿ ಕೂರುತ್ತಾರೆ, ಜೆರ್ಸಿ ಮಾತ್ರ ಹೊಸದು.

ಘಟ್ಟದ ಮೇಲೆ ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕೊಡವ ಕುಟುಂಬಗಳನ್ನು ಸೇರಿಸಿ ಹಾಕಿ ಪಂದ್ಯಾಟ ಶುರು ಮಾಡಿದರು. ಈಗ ತಂಡಗಳು ಮುನ್ನೂರು ದಾಟುತ್ತವೆ. ಅಲ್ಲಿ ಆಡುವುದು ಮನೆಯವರೇ, ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ. ಅಲ್ಲೂ ಭಾಷಣ ಇದೆ, ರಾಜಕಾರಣಿಗಳಿದ್ದಾರೆ, ಎಲ್ಲ ಇದೆ. ಆದರೆ ಆಟವನ್ನು ಆಟ ಅಂತಲೇ ಕರೆಯುತ್ತಾರೆ. ನಮಗೇಕೆ ಆಗುವುದಿಲ್ಲ? ಆಡಬೇಕು ಅನ್ನಿಸಿದರೆ ಆಡಿ, ಯಾರು ಬೇಡ ಅಂದರು? ಅದಕ್ಕೆ ಕಾಯಿಲೆ ಬಿದ್ದ ಮಗುವಿನ ಅನುಮತಿ ಪತ್ರ ಏಕೆ ಬೇಕು?

ಇನ್ನು ಸಭಾ ಕಾರ್ಯಕ್ರಮ. ರಾತ್ರಿ ಹನ್ನೊಂದಕ್ಕೆ, ಕ್ವಾರ್ಟರ್ ಫೈನಲ್ ಬಿಸಿಯೇರಿದಾಗ, ಆಟ ನಿಲ್ಲಿಸಿ ಅತಿಥಿಗಳನ್ನು ಮ್ಯಾಟಿನ ಮೇಲೆ ಕರೆಯುತ್ತಾರೆ. ಚಪ್ಪಲಿ ಬಿಚ್ಚಬೇಕೋ ಬೇಡವೋ ಅಂತ ಅವರಿಗೆ ಗೊಂದಲ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಪೇಟ ಎಲ್ಲರಿಗೂ ಒಂದೇ ಅಳತೆ, ದಪ್ಪ ತಲೆಯವರಿಗೆ ನೆತ್ತಿಯ ಮೇಲೆ ಕೂರುತ್ತದೆ, ಉಳಿದವರಿಗೆ ಕಣ್ಣು ಮುಚ್ಚುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕಬಾರದು ಅಂತ 2000ದಲ್ಲೇ ಕೇಂದ್ರದ ನಿಯಮ ಬಂದಿದೆ. ಅದನ್ನು ಜಾರಿ ಮಾಡಬೇಕಾದ ಸಾಹೇಬರು ವೇದಿಕೆಯ ಎಡದಿಂದ ಮೂರನೆಯವರು. ಅವರೂ ಮೈಕ್ ಹಿಡಿದು ಎರಡು ಮಾತು ಆಡುತ್ತಾರೆ.

ಎಲ್ಲ ಮುಗಿದ ಮೇಲೆ ವೀಕ್ಷಕ ವಿವರಣೆಯವನು ದನಿ ಸಣ್ಣ ಮಾಡಿ, 'ಈಗ ಮಾನವೀಯತೆಯ ಕ್ಷಣ' ಅನ್ನುತ್ತಾನೆ. ಮಗುವಿನ ತಾಯಿಯನ್ನು ಕರೆಯುತ್ತಾರೆ. ಸಂಜೆ ಏಳರಿಂದ ಅವಳು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾಳೆ. ಆ ಕಣ್ಣು ಕುಕ್ಕುವ ಲೈಟಿನಲ್ಲಿ, ಯೂಟ್ಯೂಬ್ ಲೈವಿನಲ್ಲಿ, ಅವಳ ಕೈಗೆ ಒಂದು ಕವರ್. ಕವರ್ ಒಂದೇ, ಅದಕ್ಕೆ ಹತ್ತಾರು ಕೈ. 'ಅಕ್ಕಾ, ಸ್ವಲ್ಪ ಈಚೆ ನೋಡಿ' ಅಂತ ಫೋಟೊಗ್ರಾಫರ್. ಅವಳು ನೋಡುತ್ತಾಳೆ. ಇನ್ನೇನು ಮಾಡಿಯಾಳು?

ಇಲ್ಲಿ ನನಗೆ ನಗು ಬರುವುದಿಲ್ಲ, ಸಾಕಾಗಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅಂತ 2018ರಿಂದ ಒಂದು ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ. ಅದಕ್ಕೆ ರೆಫರಲ್ ಚೀಟಿ ಬೇಕು, ಆ ಕಾಯಿಲೆ ಪಟ್ಟಿಯಲ್ಲಿರಬೇಕು, ಆಸ್ಪತ್ರೆಯೂ ಪಟ್ಟಿಯಲ್ಲಿರಬೇಕು. ಆ ತಾಯಿಯ ಜೊತೆ ಒಂದು ದಿನ ಕಾಗದಪತ್ರ ಹಿಡಿದು ಓಡಾಡಲು ಇಷ್ಟು ಜನರ ಸಮಿತಿಯಲ್ಲಿ ಒಬ್ಬನಿಗೂ ಪುರುಸೊತ್ತಿಲ್ಲ. ಸಾಲಿನಲ್ಲಿ ನಿಂತರೆ ಯಾರೂ ಶಾಲು ಹೊದಿಸುವುದಿಲ್ಲ ನೋಡಿ. ವೇದಿಕೆಯ ಮೇಲೆ ಕವರ್ ಮುಟ್ಟಿದ ಶಾಸಕರಿಗೂ ಒಂದು ಪ್ರಶ್ನೆ: ಸ್ವಾಮಿ, ತಾಲೂಕು ಆಸ್ಪತ್ರೆ ನಿಮ್ಮ ಕೆಲಸ ಅಲ್ವಾ? ನಿಮ್ಮ ಕ್ಷೇತ್ರದ ಮಗುವಿನ ಔಷಧಿಗೆ ಹುಡುಗರು ತೊಡೆ ತಟ್ಟಬೇಕಾಗಿದೆ ಅಂದರೆ ಕೈಮುಗಿದು ನಗುವುದಕ್ಕೆ ಏನಿದೆ?

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಮೂರು ರಾತ್ರಿ ನಿದ್ದೆಗೆಟ್ಟು ಕಂಬ ಹುಗಿದು, ವೈರ್ ಎಳೆದು, ಅನ್ನ ಬಡಿಸುವವರು ಅವರೇ. ನಿಜವಾಗಿ ಮಗುವಿಗಾಗಿ ಅಂತ ನಂಬಿದವರೂ ಅವರೇ. ಕೊನೆಗೆ ಕುರ್ಚಿ ಲೆಕ್ಕ ಹಾಕಿ ಶಾಮಿಯಾನದವನಿಗೆ ಒಪ್ಪಿಸುವಾಗ ಎರಡು ಕುರ್ಚಿ ಕಮ್ಮಿ ಬಂದರೆ ದಂಡ ಕಟ್ಟುವವರೂ ಅವರೇ.

ಉಳಿದ ಲೆಕ್ಕದ ವಿಷಯ ಮಾತ್ರ ಯಾರೂ ಎತ್ತಬಾರದು. ಎತ್ತಿದರೆ, 'ಒಳ್ಳೆ ಕೆಲಸಕ್ಕೆ ಕಲ್ಲು ಹಾಕುತ್ತೀರಾ?' ಅನ್ನುತ್ತಾರೆ. ಅದಕ್ಕೂ ಬಗ್ಗದೆ ಎರಡನೇ ಸಲ ಕೇಳಿದವರನ್ನು ಮುಂದಿನ ವರ್ಷದ ಕೋಶಾಧಿಕಾರಿ ಮಾಡಿಬಿಡುತ್ತಾರೆ. ಆಮೇಲೆ ಲೆಕ್ಕ ಕೊಡಬೇಕಾದವರು ಅವರೇ ಆಗುವುದರಿಂದ ಸದ್ದಿರುವುದಿಲ್ಲ.