ಸುತ್ತ ಆಳೆತ್ತರ ಹಿಮ, ಲೋಟ ನೀರಿಗೆ ಬಿಲ್ಲು

ನೀರು ಎಷ್ಟು ಅವತಾರ ಎತ್ತುತ್ತೆ ಅಂತ ನೋಡ್ಬೇಕಿದ್ರೆ ಫೆಬ್ರವರಿಲಿ ಆಸ್ಟ್ರಿಯಾದ ಟಿರೋಲ್‌ಗೆ ಹೋಗ್ಬೇಕು. ಗುಡ್ಡದ ಮೇಲೆ ಹಿಮ, ರಸ್ತೆ ಪಕ್ಕ ಗುಡ್ಡೆ ಹಾಕಿರೋ ಹಿಮ, ಸೂರಿನಿಂದ ಮೊಳದುದ್ದ ಇಳಿಬಿದ್ದಿರೋ ಐಸಿನ ಕಡ್ಡಿ, ಸಾಕ್ಸ್ ಒಳಗೆ ಕರಗಿ ಕಚಕಚ ಅನ್ನೋ ಹಿಮ. ಇಷ್ಟೂ ಫ್ರೀ. ಅದೇ ನೀರು ಹೋಟೆಲ್ಲಿನ ಊಟದ ಟೇಬಲ್ ಮೇಲೆ ಬಂದು ಕೂತ್ರೆ ಮಾತ್ರ ಅರ್ಧ ಲೀಟರಿಗೆ ಎರಡು ಯೂರೋ ಎಂಬತ್ತು ಸೆಂಟು. ಬಾಟಲ್ ನೀರಲ್ಲ ಸ್ವಾಮಿ, ನಲ್ಲಿ ನೀರು!

ನಾವು ಹೋಗಿದ್ದು ಮಗಳ ಸ್ಕೀ ಸ್ಕೂಲಿಗೋಸ್ಕರ. ನನಗೆ ಸ್ಕೀ ಬರಲ್ಲ, ನನ್ನ ಹೆಂಡ್ತಿಗೂ ಬರಲ್ಲ, ತಿಪಟೂರಿಂದ ಮೂರು ತಿಂಗಳಿಗೆ ಅಂತ ಬಂದಿದ್ದ ಅಮ್ಮನಿಗೆ ಬರೋ ಪ್ರಶ್ನೆನೇ ಇಲ್ಲ. ನಾವಿರೋ ಜರ್ಮನಿಯ ಮ್ಯೂನಿಕ್‌ನಿಂದ ಎರಡು ಗಂಟೆ ದಾರಿ, ಆದ್ರೆ ಆ ವಾರ ಸ್ಕೂಲಿಗೆ ರಜ, ಶನಿವಾರ ಬೇರೆ, ಎಲ್ಲಾ ಹೋಟೆಲಲ್ಲೂ ಹಳಬರು ಖಾಲಿ ಮಾಡಿ ಹೊಸಬರು ಬರೋ ದಿನ, ಅರ್ಧ ಜರ್ಮನಿ ಜೊತೆಗೆ ಹಾಲೆಂಡಿನವರೆಲ್ಲಾ ಕಾರಿನ ತಲೆ ಮೇಲೆ ಡಬ್ಬಿ ಕಟ್ಕೊಂಡು ಅದೇ ರೋಡಲ್ಲಿ, ಹಿಂಗಾಗಿ ಐದು ಗಂಟೆ ಆಯ್ತು. ಬಾಯಾರಿಕೆ ಅಂದ್ರೆ ಏನು ಅಂತ ಗೊತ್ತಾಗೇ ಊಟಕ್ಕೆ ಕೂತಿದ್ದು.

ಈ ಕಡೆ ಹೋಟೆಲಲ್ಲಿ ಹಾಫ್ ಬೋರ್ಡ್ ಅಂತ ಒಂದು ಪದ್ಧತಿ. ಬೆಳಿಗ್ಗೆ ತಿಂಡಿ, ರಾತ್ರಿ ಐದು ಕೋರ್ಸಿನ ಊಟ, ಎರಡೂ ರೂಮಿನ ಬಾಡಿಗೆಯಲ್ಲೇ ಸೇರಿರುತ್ತೆ. ಕುಡಿಯೋದು ಸೇರಿರಲ್ಲ. ಅಂದ್ರೆ ಬಾಯಿಗೆ ಹಾಕೋದು ಅವರ ಜವಾಬ್ದಾರಿ, ಗಂಟಲಲ್ಲಿ ಇಳಿಸ್ಕೊಳ್ಳೋದು ನಮ್ಮ ಸ್ವಂತ ಖರ್ಚು. ಟೇಬಲ್ ಮೇಲೆ ನಮ್ಮ ಹೆಸರು, ರೂಮ್ ನಂಬರ್ ಬರೆದ ಚೀಟಿ, ವಾರ ಪೂರ್ತಿ ಅದೇ ಟೇಬಲ್ಲು, ಅದೇ ಸಪ್ಲೈಯರ್. ಹುಡುಗ ಚರ್ಮದ ಚಡ್ಡಿ ಹಾಕ್ಕೊಂಡು, ಚೌಕಳಿ ಅಂಗಿ ತೊಟ್ಟು ಅಪ್ಪಟ ಟಿರೋಲ್ ಗೌಡನ ಥರ ಬಂದ. ಮಾತಾಡಿಸಿದ್ರೆ ಹಂಗೇರಿಯವನು. ಅದೇನು ಅಂಥ ವಿಶೇಷ ಅಲ್ಲ ಬಿಡಿ, ಇಲ್ಲಿ ಸೀಸನ್‌ನಲ್ಲಿ ದುಡಿಯೋರಲ್ಲಿ ತುಂಬಾ ಜನ ಪಕ್ಕದ ದೇಶದವರೇ. ನಮ್ಮ ರೆಸಾರ್ಟ್ ಬಾಗಿಲಲ್ಲಿ ಬಿಹಾರದ ಹುಡುಗನಿಗೆ ಮೈಸೂರು ಪೇಟ ಸುತ್ತಿ ನಿಲ್ಲಿಸಲ್ವಾ, ಹಂಗೆ.

"ಕುಡಿಯೋಕೆ? ವೈನ್, ಬಿಯರ್?"

"ನೀರು."

"ಗ್ಯಾಸ್ ಇರೋದಾ, ಇಲ್ದೇ ಇರೋದಾ?"

"ನಲ್ಲೀದು."

ಹುಡುಗ ಪೆನ್ನು ಎತ್ತಿ ಹಂಗೇ ನಿಂತ. ಪಕ್ಕದ ಟೇಬಲಿನ ಯಜಮಾನ್ರು ಸೂಪ್ ಕುಡಿಯೋದು ಬಿಟ್ಟು ನಮ್ಮ ಕಡೆ ತಿರುಗಿದ್ರು. ಇಲ್ಲಿ ನಲ್ಲಿ ನೀರಿಗೆ ಲೈಟುಂಗ್ಸ್‌ವಾಸರ್ ಅಂತಾರೆ, ಅದನ್ನ ಊಟದ ಹಾಲಲ್ಲಿ ಗಟ್ಟಿಯಾಗಿ ಹೇಳೋದು ಅಂದ್ರೆ ಮದುವೆ ಮನೇಲಿ ಎಲೆ ಮುಂದೆ ಕೂತು "ನಾವು ಮುಯ್ಯಿ ಹಾಕಲ್ಲ" ಅಂದಂಗೆ. ಅವನು ಪಾಪ ಮೆಲ್ಲಗೆ "ಅದಕ್ಕೂ ಚಾರ್ಜ್ ಇದೆ" ಅಂದ.

ಅಮ್ಮನಿಗೆ ವಿಷಯ ಹೇಳಿದೆ. ಅಮ್ಮ ಯಾವ ರೇಟನ್ನಾದ್ರೂ ಸೀದಾ ನೂರರಿಂದ ಗುಣಿಸ್ತಾಳೆ. "ಇನ್ನೂರ ಎಂಬತ್ತು ರೂಪಾಯಾ? ನಲ್ಲಿ ನೀರಿಗಾ? ಕಾಯಿಸಿ ಕೊಡ್ತಾರಾ?"

"ಇಲ್ಲಮ್ಮ."

"ಏಲಕ್ಕಿ ಗೀಲಕ್ಕಿ ಹಾಕ್ತಾರಾ?"

"ಸುಮ್ನಿರಮ್ಮಾ."

ಅಮ್ಮ ಸುಮ್ನಿರಲಿಲ್ಲ. ನಮ್ಮೂರ ಬಸ್ ಸ್ಟ್ಯಾಂಡ್ ಹತ್ರ ಹೋಟೆಲಿದೆಯಲ್ಲ, ಅಲ್ಲಿ ಕುರ್ಚಿಗೆ ಬೆನ್ನು ತಾಗೋದ್ರೊಳಗೆ ಹುಡುಗ ನಾಲ್ಕು ಲೋಟಕ್ಕೆ ನಾಲ್ಕು ಬೆರಳು ಅದ್ದಿಕೊಂಡು ಬಂದು ಟಕ್ ಅಂತ ಕುಕ್ತಾನೆ, ನಾವೇನು ತಿಂತೀವಿ, ತಿಂತೀವೋ ಇಲ್ವೋ ಅಂತಾನೂ ಕೇಳಲ್ಲ, ಬೇಸಿಗೆ ಬಂದ್ರೆ ಅರವಟ್ಟಿಗೇಲಿ ದಾರಿಹೋಕರನ್ನ ಕೂಗಿ ಕರೆದು ನೀರುಮಜ್ಜಿಗೆ ಕೊಡ್ತಾರೆ, ಅಲ್ಲಿ ವಾರಕ್ಕೊಂದ್ಸಲ ನಲ್ಲಿ ಬರೋ ಊರಲ್ಲೇ ಹಿಂಗಿರುವಾಗ ಇವರಿಗೇನು ಬಂದಿದೆ ರೋಗ ಅನ್ನೋದು ಅವಳ ವಾದ. ನನ್ನ ಹತ್ರ ಉತ್ತರ ಇರಲಿಲ್ಲ.

ಉತ್ತರ ಕೊಡೋರು ಇದ್ದಾರೆ. ಲೋಟ ತೊಳೀಬೇಕು, ತಂದು ಕೊಡ್ಬೇಕು, ಟೇಬಲ್ ಹಿಡ್ಕೊಂಡು ಕೂತಿರ್ತೀರ, ನೀವು ಕೊಡ್ತಿರೋದು ನೀರಿಗಲ್ಲ ಸರ್ವೀಸಿಗೆ, ಅಂತ. ಒಪ್ಪೋಣ. ಆದ್ರೆ ಐದು ಕೋರ್ಸಿಗೆ ತಲಾ ಎಂಟು ಚಮಚ ಫೋರ್ಕು ಕೊಳೆ ಮಾಡಿದ್ವಲ್ಲ, ಅದನ್ನ ತೊಳೆಯೋಕೆ ಯಾವ ದೇವತೆ ಇಳಿದು ಬರ್ತಾಳೋ, ಅದಕ್ಕೆ ಬಿಲ್ಲಿಲ್ಲ. ಇದೇ ಆಲ್ಪ್ಸ್‌ನ ಆ ಕಡೆ ಮಗ್ಗುಲು ಫ್ರಾನ್ಸು, ಅಲ್ಲಿ ಊಟಕ್ಕೆ ಕೂತವರು ಕೇಳಿದ್ರೆ ನಲ್ಲಿ ನೀರು ಫ್ರೀಯಾಗಿ ಕೊಡಲೇಬೇಕು ಅಂತ ಕಾನೂನೇ ಇದೆ. ಅಲ್ಲಿನ ಲೋಟಗಳು ತಾವೇ ತೊಳ್ಕೋತಾವೇನೋ. ಇನ್ನೊಂದು ಕೇಳಿ. ಈ ಆಲ್ಪ್ಸ್‌ನ ಬುಗ್ಗೆ ನೀರು 1873ರಿಂದ ಪೈಪಲ್ಲಿ ರಾಜಧಾನಿ ವಿಯೆನ್ನಾ ತನಕ ಇಳಿಜಾರಲ್ಲಿ ತಾನಾಗೇ ಹರ್ಕೊಂಡು ಹೋಗ್ತಿದೆ, ವಿಯೆನ್ನಾದವರಿಗೆ ಅದರ ಬಗ್ಗೆ ಭಾರಿ ಹೆಮ್ಮೆ. ಗುಡ್ಡದಿಂದ ರಾಜಧಾನಿ ತನಕ ಪುಕ್ಕಟೆ ಪ್ರಯಾಣ, ಅಡುಗೆಮನೆಯಿಂದ ನಮ್ಮ ಟೇಬಲ್ ತನಕ ಮಾತ್ರ ಎರಡು ಎಂಬತ್ತು ಬಸ್ ಚಾರ್ಜು.

ಇದನ್ನೆಲ್ಲಾ ಯೋಚಿಸ್ತಾ ಕಿಟಕಿ ಆಚೆ ನೋಡಿದ್ರೆ ಸ್ಕೀ ಇಳಿಜಾರಲ್ಲಿ ದೊಡ್ಡ ದೊಡ್ಡ ಫ್ಯಾನು ಗುರ್ರ್ ಅಂತಿವೆ. ಸ್ನೋ ಕ್ಯಾನನ್. ಈಗ ಆಕಾಶವನ್ನ ನಂಬ್ಕೊಂಡು ಯಾರೂ ಹೋಟೆಲ್ ನಡೆಸಲ್ಲ, ಗುಡ್ಡದ ಮೇಲೆ ಕೆರೆ ಕಟ್ಟಿ, ನೀರು ಪಂಪ್ ಮಾಡಿ, ಚಳಿ ರಾತ್ರಿ ನೋಡಿ ಸಣ್ಣ ಹನಿಯಾಗಿ ಚಿಮ್ಮಿಸಿದ್ರೆ ಅದು ನೆಲಕ್ಕೆ ಬೀಳೋದ್ರೊಳಗೆ ಹೆಪ್ಪುಗಟ್ಟಿ ಹಿಮ. ನಾವು ಒಂದು ಜಗ್ಗು ನೀರನ್ನ ನಾಲ್ಕು ಜನ ತೀರ್ಥದ ಥರ ಹಂಚ್ಕೊಂಡು ಕುಡೀತಿದ್ರೆ ಆಚೆ ರಾತ್ರಿಯೆಲ್ಲಾ ಗುಡ್ಡಕ್ಕೆ ಅಭಿಷೇಕ. ಗುಡ್ಡದ ಹತ್ರ ಯಾರೂ ರೂಮ್ ನಂಬರ್ ಕೇಳಲಿಲ್ಲ.

ಅಷ್ಟರಲ್ಲಿ ಸೂಪ್ ಬಂತು. ನೋಡೋಕೆ ಚೆಂದ, ತಿಳಿಸಾರಿಗೆ ದೋಸೆನ ಎಳೆ ಎಳೆಯಾಗಿ ಕತ್ತರಿಸಿ ಹಾಕಿದಂಗೆ. ಫ್ರಿಟಾಟನ್ ಸೂಪ್ ಅಂತೆ. ಅಮ್ಮ ಚಮಚ ಎತ್ತಿದ್ಲು, ನಾವು ಮಾಂಸ ತಿನ್ನೋರಲ್ಲ ನೋಡಿ, ನಾನು ಕೈ ಹಿಡಿದು ಮೆನು ನೋಡಿದೆ. ಯುರೋಪಿನ ಮೆನುಲಿ 14 ಥರದ ಅಲರ್ಜಿ ಪದಾರ್ಥ ತಿಳಿಸಲೇಬೇಕು ಅಂತ ನಿಯಮ, ಆಸ್ಟ್ರಿಯಾದಲ್ಲಿ ಒಂದೊಂದಕ್ಕೂ ಒಂದು ಅಕ್ಷರ. ಎ ಅಂದ್ರೆ ಗೋಧಿ ಥರದ್ದು, ಸಿ ಮೊಟ್ಟೆ, ಜಿ ಹಾಲು, ಎಲ್ ಸೆಲರಿ, ಎಂ ಸಾಸಿವೆ, ಎನ್ ಎಳ್ಳು. ನಮ್ಮ ಸೂಪಿನ ಮುಂದೆ ಎ, ಸಿ, ಜಿ, ಎಲ್ ಇತ್ತು. ಈ ಸೂಪನ್ನ ಸಾಮಾನ್ಯವಾಗಿ ದನದ ಸಾರಲ್ಲೇ ಮಾಡೋದು, ಆದ್ರೆ ದನಕ್ಕೆ ಅಕ್ಷರವೇ ಇಲ್ಲ! ಸಾಸಿವೆ ಕಾಳು ಬಿದ್ರೆ ಸರ್ಕಾರಕ್ಕೆ ಗೊತ್ತಾಗ್ಬೇಕು, ಇಡೀ ದನ ಬಿದ್ರೆ ಅದು ಬರೀ ರುಚಿ. ಹುಡುಗನ್ನ ಕೇಳಿದ್ರೆ "ಮಾಂಸ ಇಲ್ಲ ಸರ್, ಮೂಳೆ ಬೇಯಿಸಿದ ನೀರು ಅಷ್ಟೇ" ಅಂದ. ಅಂದ್ರೆ ನೋಡಿ, ಮೂಳೆ ಬೇಯಿಸಿದ ನೀರು ಪ್ಯಾಕೇಜಲ್ಲಿ ಸೇರಿದೆ, ಏನೂ ಬೇಯಿಸದ ನೀರಿಗೆ ಎಕ್ಸ್‌ಟ್ರಾ.

ಮಾರನೇ ದಿನದಿಂದ ಇನ್ನೊಂದು ತಮಾಷೆ. ತಿಂಡಿ ಹೊತ್ತಲ್ಲೇ ಒಂದು ಫಾರಂ ಕೊಡ್ತಾರೆ, ರಾತ್ರಿ ಏನು ತಿಂತೀರ ಅಂತ ಬೆಳಿಗ್ಗೆ ಎಂಟಕ್ಕೇ ಟಿಕ್ ಹಾಕ್ಬೇಕು, ಮಾಂಸ, ಮೀನು, ವೆಜ್. ನಾವು ವೆಜ್‌ಗೆ ಹಾಕಿದ್ವಿ. ಒಂದು ದಿನ ಊಟ ಅಂತ ಬಂದಿದ್ದು ಮುಷ್ಟಿ ಗಾತ್ರದ ಹಬೇಲಿ ಬೇಯಿಸಿದ ಕಡುಬು, ಒಳಗೆ ಪ್ಲಮ್ ಜಾಮು, ಮೇಲೆ ಗಸಗಸೆ ಸಕ್ಕರೆ, ವೆನಿಲಾ ಸಾಸು. ಇದು ಸ್ವೀಟಾ ಅಂದ್ರೆ ಇಲ್ಲ ಇದೇ ಊಟ, ಸ್ವೀಟ್ ಆಮೇಲೆ ಬರುತ್ತೆ ಅಂದ. ಆಮೇಲೆ ಬಂದಿದ್ದು ಕೈಸರ್‌ಶ್ಮಾರ್ನ್, ಚಕ್ರವರ್ತಿ ಫ್ರಾನ್ಜ್ ಯೋಸೆಫ್ ಹೆಸರು ಹೊತ್ತ ತಿಂಡಿ, ದಪ್ಪ ಸಿಹಿ ದೋಸೆನ ಹುಯ್ದು ಕಾವಲಿ ಮೇಲೇ ಹರಿದು ಚಿಂದಿ ಮಾಡಿರ್ತಾರೆ. ಅಮ್ಮ ಅದನ್ನ ಬಹಳ ಹೊತ್ತು ನೋಡಿ "ಮದುವೆಯಾದ ಹೊಸದ್ರಲ್ಲಿ ನಾನು ಹುಯ್ದಿದ್ದೆಲ್ಲಾ ಹಿಂಗೇ ಬರ್ತಿತ್ತು, ನಿಮ್ಮಜ್ಜಿ ಬೈದಿದ್ದು ಬೈದಿದ್ದೇ, ಒಬ್ರೂ ರಾಜನ ಹೆಸರಿಡಲಿಲ್ಲ" ಅಂದ್ಲು. ರುಚಿ ಮಾತ್ರ ಚೆನ್ನಾಗಿತ್ತು, ಎರಡನೇ ಸಲ ಹಾಕಿಸ್ಕೊಂಡ್ವಿ, ಅದು ಬೇರೆ ಮಾತು.

ಬೆಳಗಿನ ಬಫೆ ಪಕ್ಕ ಒಂದು ಬೋರ್ಡು: ದಯವಿಟ್ಟು ತಿಂಡಿ ಹೊರಗೆ ಒಯ್ಯಬೇಡಿ, ಲಂಚ್ ಪ್ಯಾಕೆಟ್ ಬೇಕಿದ್ರೆ ದುಡ್ಡಿಗೆ ಸಿಗುತ್ತೆ. 2019ರಲ್ಲಿ ಸ್ವಿಟ್ಜರ್ಲೆಂಡಿನ ಗ್ಸ್ಟಾಡ್ ಅನ್ನೋ ಊರಿನ ಹೋಟೆಲೊಂದು ಇಂಥದ್ದೇ ನೋಟಿಸನ್ನ ಬರೀ ಭಾರತದಿಂದ ಬಂದ ಅತಿಥಿಗಳಿಗೆ ಅಂತ ಹಾಕಿ ದೊಡ್ಡ ಗಲಾಟೆ ಆಗಿತ್ತಲ್ಲ, ನೆನಪಿರಬಹುದು. ಅದು ತಲೇಲಿ ಇದ್ದಿದ್ರಿಂದ ನಾವು ದೇಶದ ಮಾನ ಕಾಪಾಡೋರ ಥರ ಕೈ ಕಟ್ಟಿ ಕೂತಿದ್ವಿ. ಮೊದಲ ದಿನ ಲೋಟ ನೀರಿಗೆ ನಮ್ಮನ್ನ ನೋಡಿದ್ರಲ್ಲ ಪಕ್ಕದ ಟೇಬಲಿನ ಯಜಮಾನ್ರು, ಅವರು ನಾಲ್ಕು ಬನ್ನು ಸೀಳಿ, ಬೆಣ್ಣೆ ಸವರಿ, ಚೀಸ್ ಇಟ್ಟು, ಪೇಪರ್ ನ್ಯಾಪ್ಕಿನ್ನಲ್ಲಿ ಸುತ್ತಿ ಹೆಂಡ್ತಿ ಕಡೆ ಜಾರಿಸಿದ್ರು. ಆಯಮ್ಮ ಕಿಟಕಿ ಆಚೆ ನೋಡ್ತಾನೇ ಸ್ಕೀ ಜಾಕೆಟಿನ ಜಿಪ್ ಎಳೆದು ಒಳಗೆ ಸೇರಿಸಿ, ಮತ್ತೆ ಜಿಪ್ ಮುಚ್ಚಿದ್ರು. ಎಷ್ಟು ವರ್ಷದ ಸಾಧನೆ ಅಂತೀರಾ! ಸ್ಕೀ ಜಾಕೆಟಿಗೆ ಅಷ್ಟೊಂದು ಜೇಬು ಯಾಕೆ ಅಂತ ಆವತ್ತು ತಿಳೀತು. ಅಮ್ಮ ಅದನ್ನ ನೋಡಿ, ನನ್ನ ನೋಡಿ, ಎರಡು ಬಾಳೆಹಣ್ಣು ಸೆರಗಿನೊಳಗೆ ಇಟ್ಕೊಂಡ್ಲು. ನಾನು ತಡೀಲಿಲ್ಲ.

ಕೊನೇ ದಿನ ಬಿಲ್ಲಲ್ಲಿ ಲೈಟುಂಗ್ಸ್‌ವಾಸರ್ ಅಂತ ಪಟ್ಟಿ ಮೇಲಿಂದ ಕೆಳಗೆ ಸಾಲಾಗಿ ನಿಂತಿತ್ತು, ಕುಡುಕನ ಲೆಕ್ಕದ ಥರ, ಒಟ್ಟು ಹದಿನಾಲ್ಕು ಜಗ್ಗು. ದುಡ್ಡು ಕಟ್ಟಿ ವಾಪಸ್ ಬಂದ್ರೆ ಅಮ್ಮ ಇನ್ನೂ ಟೇಬಲ್ ಹತ್ರನೇ ಕೂತಿದ್ಲು. ಹಂಗೇರಿ ಹುಡುಗ ಗಡಿಬಿಡೀಲಿ ಟೇಬಲ್ ಖಾಲಿ ಮಾಡ್ತಿದ್ದ, ಹೊಸ ಬ್ಯಾಚು ಬರೋ ಹೊತ್ತು, ಟ್ರೇ ಸಿಕ್ಕಲಿಲ್ಲವೋ ಏನೋ ನಾಲ್ಕು ಲೋಟದೊಳಗೆ ನಾಲ್ಕು ಬೆರಳು ಹಾಕಿ ಒಟ್ಟಿಗೇ ಎತ್ತಿದ. ಅಮ್ಮ ನನ್ನ ತೋಳು ತಿವಿದ್ಲು.

"ನೋಡೋ, ಬೆರಳು ಸರಿಯಾಗೇ ಇಟ್ಟಿದಾನೆ. ನೀರೇ ಇಲ್ಲ."